ಜರ್ಮನಿಗೆ ಹೊರಟ ಮೈಸೂರು–ಮಂಡ್ಯದವರಿಗೆ: ಎಣಿಕೆಗೆ ಬಾರದ ಖರ್ಚುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಲೆಕ್ಕವೆಲ್ಲ ಜರ್ಮನಿಯದು. ಒಂದು ಯೂರೋಗೆ ₹100 ಎಂದು ಹಿಡಿದಿದ್ದೇವೆ. ನಿಜವಾದ ದರ ದಿನವೂ ಏರಿಳಿಯುತ್ತದೆ, ಬಾಯಿಲೆಕ್ಕಕ್ಕೆ ಇಷ್ಟು ಸಾಕು. ಬೇರೆ ದೇಶಕ್ಕೆ ಹೊರಟವರಿಗೆ ಕೊನೆಯ ಹತ್ತಿರ ಒಂದು ಪ್ರಶ್ನೆ ಇದೆ.

ವರ್ಷಕ್ಕೆ 50,000 ಯೂರೋ ಸಂಬಳ ಅಂದ್ರೆ 50 ಲಕ್ಷ ಆಯ್ತು. ಇನ್ನೇನು ಕಷ್ಟ?

ಆ 50 ಲಕ್ಷ ಆಫರ್ ಲೆಟರ್‌ನಲ್ಲಿ ಮಾತ್ರ ಇರುತ್ತದೆ. ಮದುವೆಯಾಗದ, ಮಕ್ಕಳಿಲ್ಲದ, ಸರ್ಕಾರಿ ಆರೋಗ್ಯ ವಿಮೆಯಲ್ಲಿರುವ ಒಬ್ಬರಿಗೆ ಕೈಗೆ ಬರುವುದು ತಿಂಗಳಿಗೆ ಸುಮಾರು €2,600ರಿಂದ €2,700. ಪಿಂಚಣಿಗೆ 9.3%, ನಿರುದ್ಯೋಗ ವಿಮೆಗೆ 1.3%, ಆರೋಗ್ಯ ವಿಮೆಗೆ 7.3% ಮತ್ತು ಅದರ ಮೇಲಿನ ಹೆಚ್ಚುವರಿಯಲ್ಲಿ ಅರ್ಧ, ವೃದ್ಧಾಪ್ಯದ ಆರೈಕೆ ವಿಮೆ, ಇವೆಲ್ಲ ಮುರಿದ ಮೇಲೆ ಆದಾಯ ತೆರಿಗೆ ಬೇರೆ. 23 ದಾಟಿಯೂ ಮಕ್ಕಳಿಲ್ಲದವರು ಆರೈಕೆ ವಿಮೆಗೆ 0.6% ಜಾಸ್ತಿ ಕಟ್ಟಬೇಕು. ಊರಲ್ಲಿ ಅತ್ತೆ ಮಾವಂದಿರು "ಇನ್ನೂ ಮಕ್ಕಳಾಗಿಲ್ವಾ" ಅಂತ ಬಿಟ್ಟಿಯಾಗಿ ಕೇಳುತ್ತಾರೆ, ಅಲ್ಲಿ ಸರ್ಕಾರ ದುಡ್ಡು ಹಿಡಿದು ಕೇಳುತ್ತದೆ.

€2,650ರಲ್ಲಿ ಬದುಕಬಹುದು, ಉಳಿಸಲೂಬಹುದು. ಹೋದವರು ಪೇಚಾಡುವುದು ತಿಂಗಳ ಖರ್ಚಿಗೆ ಅಲ್ಲ. ಮೊದಲ ಮೂರು ತಿಂಗಳಲ್ಲಿ ಒಟ್ಟೊಟ್ಟಿಗೆ ಬೀಳುವ ಮುಂಗಡಗಳಿಗೆ, ಆಮೇಲೆ ವರ್ಷ ಕಳೆದು ಬರುವ ಲೆಕ್ಕ ತೀರುವಳಿಯ ಬಿಲ್ಲಿಗೆ.

ಹಾಗಾದರೆ ಹೊರಡುವಾಗ ಕೈಯಲ್ಲಿ ಎಷ್ಟಿರಬೇಕು?

ಕೆಲಸಕ್ಕೆ ಹೋಗುವ ಒಬ್ಬರ ಉದಾಹರಣೆ ತೆಗೆದುಕೊಳ್ಳೋಣ. ಮೂಲ ಬಾಡಿಗೆ €700, ನಿರ್ವಹಣೆ ಮತ್ತು ಹೀಟಿಂಗ್ €200 ಇರುವ ಮನೆ.

ಮನೆ ಸಿಗುವವರೆಗೆ ತಾತ್ಕಾಲಿಕ ಕೋಣೆ ಒಂದು ತಿಂಗಳಿಗೆ: €1,200
ಮನೆಯ ಠೇವಣಿ: €2,100
ಮೊದಲ ತಿಂಗಳ ಬಾಡಿಗೆ: €900
ಸೆಕೆಂಡ್ ಹ್ಯಾಂಡ್ ಅಡುಗೆಮನೆ, ಸಾಗಿಸಿ ಜೋಡಿಸುವ ಖರ್ಚು ಸೇರಿ: €800
ಮಂಚ, ಹಾಸಿಗೆ, ಮೇಜು, ವಾಷಿಂಗ್ ಮೆಷಿನ್ (ಹಳೆಯದು): €600
ದೀಪ, ಪರದೆ, ಪಾತ್ರೆ, ಪೊರಕೆ: €200
ಎರಡು ತಿಂಗಳ ಊಟ, ಓಡಾಟ: €700
ವಾಸದ ಪರವಾನಗಿ ಶುಲ್ಕ: €100

ಒಟ್ಟು €6,600. ಅಂದರೆ ₹6.6 ಲಕ್ಷ, ಮೊದಲ ಸಂಬಳ ನೆಲೆಗೆ ಬರುವ ಮೊದಲೇ. ಸಂಬಳ ತಿಂಗಳ ಕೊನೆಗೆ ಬರುತ್ತದೆ. ವಿಳಾಸ ನೋಂದಣಿ ಮಾಡಿಸಿದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರಲು ಕೆಲವು ವಾರ ಹಿಡಿಯುತ್ತದೆ. ಅದು ಕಂಪನಿಗೆ ತಲುಪದಿದ್ದರೆ ಹೆಚ್ಚಿನ ದರದ ಆರನೇ ವರ್ಗದಲ್ಲಿ ತೆರಿಗೆ ಮುರಿಯಬಹುದು. ಆ ದುಡ್ಡು ಆಮೇಲೆ ಸರಿಹೋಗುತ್ತದೆ, ಆದರೆ ಆ ತಿಂಗಳ ಬಾಡಿಗೆಗೆ ಒದಗುವುದಿಲ್ಲ.

ಕಂಪನಿ ಮೊದಲ ತಿಂಗಳ ವಸತಿ ಕೊಡುತ್ತದೆಯೇ ಎಂದು ಆಫರ್‌ಗೆ ಸಹಿ ಹಾಕುವ ಮುಂಚೆ ಕೇಳಿ. ಸಂಬಳದ ಚೌಕಾಶಿಗಿಂತ ಈ ಚೌಕಾಶಿ ಸುಲಭವಾಗಿ ಗೆಲ್ಲುತ್ತದೆ.

ಠೇವಣಿ ಅಂದ್ರೆ ನಮ್ಮ ಅಡ್ವಾನ್ಸ್ ಥರಾನೇ ಅಲ್ವಾ?

ಅದೇ, ಆದರೆ ನಿಯಮ ಗಟ್ಟಿ. ಮೈಸೂರಲ್ಲಿ ಅಡ್ವಾನ್ಸ್ ಎಷ್ಟು ಎಂಬುದು ಮಾಲೀಕರ ಬಾಯಲ್ಲಿರುತ್ತದೆ. ಜರ್ಮನಿಯಲ್ಲಿ ಮೂಲ ಬಾಡಿಗೆಯ ಮೂರು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಮೂಲ ಬಾಡಿಗೆ ಎಂದರೆ ಕಾಲ್ಟ್‌ಮೀಟೆ, ಹೀಟಿಂಗ್ ಮತ್ತು ನಿರ್ವಹಣೆ ಸೇರದ ಮೊತ್ತ. ಎಲ್ಲ ಸೇರಿದ್ದು ವಾರ್ಮ್‌ಮೀಟೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಹೆಚ್ಚಾಗಿ ಕಾಲ್ಟ್‌ಮೀಟೆ, ನಿಮ್ಮ ಖಾತೆಯಿಂದ ಹೋಗುವುದು ವಾರ್ಮ್‌ಮೀಟೆ. ಬಜೆಟ್ ತಪ್ಪುವುದು ಮೊದಲು ಇಲ್ಲಿಯೇ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ಠೇವಣಿಯನ್ನು ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗೆ ಕಾನೂನಲ್ಲೇ ಇದೆ. ಮೊದಲ ಕಂತು ಬಾಡಿಗೆ ಶುರುವಾದಾಗ, ಉಳಿದೆರಡು ಮುಂದಿನ ಎರಡು ತಿಂಗಳ ಬಾಡಿಗೆಯ ಜೊತೆ. ಮೇಲಿನ ಪಟ್ಟಿಯ €2,100 ಮೊದಲ ದಿನ €700 ಆಗುತ್ತದೆ.

ಮನೆ ನೋಡದೆ, ಬೀಗದ ಕೈ ಪಡೆಯದೆ ಠೇವಣಿ ಕಳಿಸಬೇಡಿ. "ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಅಂಚೆಯಲ್ಲಿ ಬರುತ್ತೆ" ಅಂದರೆ ಅದು ಮೋಸ. ಹತ್ತರಲ್ಲಿ ಒಂದು ನಿಜವಿರಬಹುದೇನೋ ಎಂಬ ಅನುಮಾನವೂ ಬೇಡ.

ಅಡುಗೆಮನೆ ಇಲ್ಲದ ಮನೆ ಅಂದ್ರೆ ಏನು?

ನಿಜವಾಗಿಯೂ ಇಲ್ಲ. ಗೋಡೆಯಿಂದ ಎರಡು ನೀರಿನ ಕೊಳವೆ, ಒಂದು ಒಲೆಯ ವೈರು ಹೊರಗೆ ಬಂದಿರುತ್ತದೆ, ಅಷ್ಟೇ. ಸಿಂಕ್, ಕಟ್ಟೆ, ಒಲೆ, ಕಪಾಟು ಎಲ್ಲ ಹಳೆಯ ಬಾಡಿಗೆದಾರರು ಬಿಚ್ಚಿಕೊಂಡು ಹೋಗಿರುತ್ತಾರೆ. ಚಾವಣಿಯಲ್ಲಿ ದೀಪವೂ ಇರದೆ ಬರೀ ವೈರಿನ ತುದಿಗಳು ನೇತಾಡುತ್ತಿರುತ್ತವೆ. ಜಾಹೀರಾತಿನಲ್ಲಿ "ಐನ್‌ಬಾವ್‌ಕ್ಯೂಷೆ" ಎಂಬ ಪದ ಇದ್ದರೆ ಅಡುಗೆಮನೆ ಜೋಡಿಸಿದೆ ಎಂದರ್ಥ. ಹುಡುಕುವಾಗಲೇ ಆ ಗುರುತು ಹಾಕಿಕೊಳ್ಳಿ.

ಇಲ್ಲದ ಮನೆಯೇ ಸಿಕ್ಕಿದರೆ, ಹೊರಡುತ್ತಿರುವ ಬಾಡಿಗೆದಾರರ ಅಡುಗೆಮನೆಯನ್ನೇ ಕೊಂಡುಕೊಳ್ಳುವುದು ವಾಸಿ. ಬಿಚ್ಚಿ ಸಾಗಿಸುವ ಕೂಲಿ ಉಳಿಯುತ್ತದೆ. ವಿದ್ಯುತ್ ಒಲೆಯ ಸಂಪರ್ಕ ಮಾತ್ರ ನೀವೇ ಕೊಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ಕುಕ್ಕರ್, ಮಿಕ್ಸಿ ತಗೊಂಡು ಹೋಗೋದಾ, ಅಲ್ಲೇ ಕೊಳ್ಳೋದಾ?

ಮಿಕ್ಸಿ ತೆಗೆದುಕೊಂಡು ಹೋಗಿ. ಜರ್ಮನಿಯಲ್ಲೂ 230 ವೋಲ್ಟ್, 50 ಹರ್ಟ್ಸ್, ಮೋಟಾರು ಸರಿಯಾಗಿ ಓಡುತ್ತದೆ. ನಮ್ಮ ಮೂರು ಪಿನ್ ಅಲ್ಲಿನ ಸಾಕೆಟ್‌ಗೆ ಕೂರುವುದಿಲ್ಲ, ಅರ್ಥಿಂಗ್ ಇರುವ ಅಡಾಪ್ಟರ್ ಬೇಕು. ದೋಸೆ ಹಿಟ್ಟು, ಚಟ್ನಿ ರುಬ್ಬುವಂಥ ಜಾರ್ ಅಲ್ಲಿನ ಸಾಮಾನ್ಯ ಅಂಗಡಿಯಲ್ಲಿ ಸಿಗುವುದಿಲ್ಲ. ಅಮೆರಿಕಕ್ಕಾದರೆ ಈ ಮಾತು ತಿರುಗುಮುರುಗು: ಅಲ್ಲಿ 120 ವೋಲ್ಟ್, ಇಲ್ಲಿನ ಮಿಕ್ಸಿ ಹೊತ್ತುಕೊಂಡು ಹೋದರೆ ದಂಡ.

ಕುಕ್ಕರ್ ಆರಿಸುವ ಮೊದಲು ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಹಿಡಿದು ತಳಕ್ಕೆ ತಾಗಿಸಿ ನೋಡಿ. ಅಂಟಿದರೆ ಇಂಡಕ್ಷನ್ ಒಲೆಗೆ ಆಗುತ್ತದೆ. ಅಂಟದಿದ್ದರೆ, ಅಂದರೆ ಮಾಮೂಲಿ ಅಲ್ಯೂಮಿನಿಯಂ, ಇಂಡಕ್ಷನ್ ಮೇಲೆ ಬಿಸಿಯೇ ಆಗುವುದಿಲ್ಲ. ಒಂದು ಹೆಚ್ಚುವರಿ ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಜೊತೆಗಿಟ್ಟುಕೊಳ್ಳಿ. ಆ ರಬ್ಬರ್ ರಿಂಗ್ ಹೋದರೆ ಕುಕ್ಕರ್ ಮೂಲೆಗೆ.

ಸೂಟ್‌ಕೇಸಿನಲ್ಲಿ ಏನು ಹಾಕಿದರೆ ಕಿತ್ತುಕೊಳ್ಳುತ್ತಾರೆ?

ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಪೇಡ, ಖೋವಾ, ಪನ್ನೀರ್ ಯಾವುದೂ ಬೇಡ. ಹಸಿ ಗಿಡ, ಎಲೆ, ಹಣ್ಣು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಾಗಾಗಿ ಹಸಿ ಕರಿಬೇವು, ಮೈಸೂರು ವೀಳ್ಯದೆಲೆ ಎರಡೂ ಕಸದ ಬುಟ್ಟಿಗೆ. ಐದು ಹಣ್ಣುಗಳಿಗೆ ಮಾತ್ರ ವಿನಾಯಿತಿ: ಅನಾನಸ್, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು, ಖರ್ಜೂರ. ನಂಜನಗೂಡು ರಸಬಾಳೆ ಒಯ್ಯಲು ಕಾನೂನು ಬಿಡುತ್ತದೆ, ಸೂಟ್‌ಕೇಸಿನೊಳಗೆ ಅದು ಉಳಿಯುವುದು ನಿಮ್ಮ ಅದೃಷ್ಟ. ಗಿಟಕು ಕೊಬ್ಬರಿಯನ್ನು ಚೆಕ್-ಇನ್ ಲಗೇಜಿನಲ್ಲಿ ನಮ್ಮ ವಿಮಾನ ನಿಲ್ದಾಣದಲ್ಲೇ ಬಿಡುವುದಿಲ್ಲ, ಎಣ್ಣೆ ಅಂಶ ಹೆಚ್ಚು, ಬೆಂಕಿಯ ಭಯ.

ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಒಣಗಿಸಿದ ಕರಿಬೇವು, ಹುಣಸೆಹಣ್ಣು, ಇವಕ್ಕೆ ತೂಕ ಮೀಸಲಿಡಿ. ಅಕ್ಕಿ, ಬೇಳೆ ಹೊತ್ತುಕೊಂಡು ಹೋಗಬೇಡಿ, ಅಲ್ಲೇ ಸಿಗುತ್ತವೆ. ಮುದ್ದೆ ಬಿಟ್ಟಿರಲಾಗದ ಮಂಡ್ಯದವರಿಗೆ ಒಂದು ಮಾತು: ಇಂಡಿಯನ್ ಅಂಗಡಿಯಲ್ಲಿ ರಾಗಿ ಹಿಟ್ಟು ಸಿಗುತ್ತದೆ, ಊರಿನ ಎರಡು ಮೂರು ಪಟ್ಟು ಬೆಲೆ. ಹಾಗಿದ್ದರೂ, ತೂಕ ಮೀರಿದ ಲಗೇಜಿಗೆ ವಿಮಾನದವರು ಕೇಳುವ ದುಡ್ಡಿನ ಮುಂದೆ ಅದು ಸಸ್ತಾ.

ಕರೆಂಟ್ ಬಿಲ್ ಅಷ್ಟೊಂದು ಬರುತ್ತಾ?

ಗೃಹಜ್ಯೋತಿಯ ಸೊನ್ನೆ ಬಿಲ್ಲಿಗೆ ಒಗ್ಗಿದವರಿಗೆ ಇದು ಎದ್ದು ಕಾಣುತ್ತದೆ. ಜರ್ಮನಿಯಲ್ಲಿ ಮನೆ ಬಳಕೆಯ ವಿದ್ಯುತ್ ಯೂನಿಟ್‌ಗೆ ಸುಮಾರು 35ರಿಂದ 40 ಸೆಂಟ್, ನಮ್ಮ ಲೆಕ್ಕದಲ್ಲಿ ₹35–40. ಬಳಸಿದ್ದಕ್ಕೆ ತಿಂಗಳು ತಿಂಗಳು ಮೀಟರ್ ನೋಡಿ ಬಿಲ್ ಕೊಡುವ ಪದ್ಧತಿ ಅಲ್ಲಿಲ್ಲ. ಅಂದಾಜಿನ ಮೇಲೆ ತಿಂಗಳಿಗಿಷ್ಟು ಕಂತು ಕಟ್ಟುತ್ತೀರಿ, ವರ್ಷಕ್ಕೊಮ್ಮೆ ಮೀಟರ್ ಓದಿ ಲೆಕ್ಕ ತೀರಿಸುತ್ತಾರೆ. ಕಂತು ಕಡಿಮೆ ಇಟ್ಟುಕೊಂಡು ಖುಷಿಪಟ್ಟವರಿಗೆ ವರ್ಷದ ಕೊನೆಗೆ €300, €400ರ ಒಂದೇ ಬಿಲ್ ಬರುತ್ತದೆ.

ಮನೆ ಹಿಡಿದ ದಿನವೇ ಮೀಟರ್‌ನ ಫೋಟೊ ತೆಗೆದು, ಅದರ ಸಂಖ್ಯೆ ಮತ್ತು ರೀಡಿಂಗ್ ಬರೆದಿಡಿ. ಹಾಗೆ ಮಾಡದಿದ್ದರೆ ಹಳೆಯ ಬಾಡಿಗೆದಾರರು ಉರಿಸಿದ ಯೂನಿಟ್ಟೂ ನಿಮ್ಮ ತಲೆಗೆ ಬರಬಹುದು. ನೀವಾಗಿ ಯಾವ ಕಂಪನಿಯನ್ನೂ ಆರಿಸದಿದ್ದರೂ ಕರೆಂಟ್ ಇರುತ್ತದೆ. ಆ ಊರಿನ ಮೂಲ ಸರಬರಾಜುದಾರರು ತಾವಾಗಿಯೇ ಕೊಡುತ್ತಾರೆ, ಅವರ ದರ ಸಾಮಾನ್ಯವಾಗಿ ದುಬಾರಿ. ಎರಡು ವಾರದ ನೋಟಿಸ್ ಕೊಟ್ಟು ಅಲ್ಲಿಂದ ಹೊರಬರಬಹುದು.

ಹೀಟಿಂಗ್ ಬಾಡಿಗೆಯಲ್ಲೇ ಸೇರಿದೆಯಲ್ಲ, ಮತ್ತೆ ಯಾಕೆ ಬಿಲ್?

ಸೇರಿರುವುದು ಮುಂಗಡ ಮಾತ್ರ. ನೆಬೆನ್‌ಕೋಸ್ಟೆನ್ ಎಂಬ ಆ €200ರಲ್ಲಿ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವುದು, ಕಟ್ಟಡದ ವಿಮೆ ಎಲ್ಲ ಇರುತ್ತದೆ. ಲೆಕ್ಕದ ವರ್ಷ ಮುಗಿದ 12 ತಿಂಗಳೊಳಗೆ ಮಾಲೀಕರು ನಿಜವಾದ ಖರ್ಚಿನ ಪಟ್ಟಿ ಕಳಿಸಬೇಕು. ಹೆಚ್ಚು ಖರ್ಚಾಗಿದ್ದರೆ ನೀವು ಕೊಡಬೇಕು, ಕಡಿಮೆಯಾಗಿದ್ದರೆ ನಿಮಗೆ ವಾಪಸ್. 12 ತಿಂಗಳು ದಾಟಿ ಬಂದ ಬೇಡಿಕೆಯನ್ನು ಸಾಮಾನ್ಯವಾಗಿ ಕಟ್ಟಬೇಕಿಲ್ಲ. ಅಂದರೆ 2025ರ ಚಳಿಗಾಲದ ಬಿಲ್ 2026ರ ಡಿಸೆಂಬರ್‌ನಲ್ಲಿ ಬರಬಹುದು. ತಿಂಗಳಿಗೆ €30–40 ಬೇರೆ ಇಟ್ಟವರಿಗೆ ಆಗ ದಿಗಿಲಾಗುವುದಿಲ್ಲ.

ರೇಡಿಯೇಟರ್ ಮೇಲಿನ ತಿರುಪಿನಲ್ಲಿ 1ರಿಂದ 5ರವರೆಗೆ ಅಂಕಿ ಇರುತ್ತದೆ. 3 ಎಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, ಹೆಚ್ಚು ಬಿಸಿಯಾಗುತ್ತದೆ ಅಷ್ಟೇ. ನಮ್ಮವರ ದೊಡ್ಡ ತಪ್ಪು ಇದೇ. ಫ್ಯಾನಿನ ರೆಗ್ಯುಲೇಟರ್ ಎಂದುಕೊಂಡು ಬಳಸುತ್ತಾರೆ.

ಗೋಡೆಯಲ್ಲಿ ಬೂಷ್ಟು ಬಂದರೆ ನಮ್ಮ ತಪ್ಪಾ?

ಮಾಲೀಕರು ಹಾಗೆಯೇ ಹೇಳುತ್ತಾರೆ, ಠೇವಣಿಯಿಂದ ಮುರಿದುಕೊಳ್ಳಲೂ ನೋಡುತ್ತಾರೆ. ಬೂಷ್ಟು ಬರುವ ಕಾರಣ ಸರಳ: ಅಡುಗೆಯ ಹಬೆ, ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆಯ ತೇವ, ಎಲ್ಲ ಹೋಗಿ ತಣ್ಣಗಿರುವ ಹೊರಗೋಡೆಗೆ ಕೂರುತ್ತದೆ. ಹಳೆಯ ಮೈಸೂರು ಮನೆಯಲ್ಲಿ ಹೆಂಚಿನ ಸಂದಿನಲ್ಲಿ ಗಾಳಿ ತಾನೇ ಆಡುತ್ತಿತ್ತು. ಜರ್ಮನಿಯ ಕಿಟಕಿ ಮುಚ್ಚಿದರೆ ಗಾಳಿ ಎಳ್ಳಷ್ಟೂ ಆಡುವುದಿಲ್ಲ. ಮುದ್ದೆಯ ಎಸರು, ಅನ್ನದ ಎಸರು, ಕುಕ್ಕರ್ ವಿಷಲ್, ಎಲ್ಲ ಒಳಗೇ.

ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ, ಆಗ ಹೀಟರ್ ಇಳಿಸಿ. ಅರ್ಧ ವಾಲಿಸಿಕೊಂಡು ದಿನವಿಡೀ ಬಿಡುವುದು ಎರಡು ರೀತಿಯಲ್ಲೂ ಕೆಟ್ಟದ್ದು: ಗೋಡೆ ತಣ್ಣಗಾಗುತ್ತದೆ, ಹೀಟಿಂಗ್ ಬಿಲ್ ಏರುತ್ತದೆ. ಹತ್ತು ಹದಿನೈದು ಯೂರೋದ ತೇವಾಂಶ ಮಾಪಕ ತೂಗುಹಾಕಿ, 40ರಿಂದ 60% ನಡುವೆ ಇರಲಿ. ಕಪಾಟು, ಸೋಫಾಗಳನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ.

ನಮ್ಮ ಹತ್ತಿರ ಟಿವಿನೇ ಇಲ್ಲ, ಟಿವಿ ಶುಲ್ಕ ಯಾಕೆ?

ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ €18.36. ಮೂರು ತಿಂಗಳಿಗೊಮ್ಮೆ €55.08ರ ಪತ್ರ ಬರುತ್ತದೆ. ವಿಳಾಸ ನೋಂದಣಿಯಾದ ಕೂಡಲೇ ನಿಮ್ಮ ಹೆಸರು ಅವರಿಗೆ ತಲುಪುತ್ತದೆ, ಪತ್ರ ಹರಿದು ಹಾಕಿದರೆ ಬಾಕಿ ಬೆಳೆಯುತ್ತದೆ. ಮೂವರು ಹಂಚಿಕೊಂಡಿರುವ ಮನೆಯಲ್ಲಿ ಒಬ್ಬರು ಕಟ್ಟಿದರೆ ಸಾಕು. ಉಳಿದವರು ಅವರ ಸಂಖ್ಯೆ ಬರೆದು ಉತ್ತರ ಕಳಿಸಬೇಕು, ಸುಮ್ಮನಿದ್ದರೆ ಮೂವರಿಗೂ ಬಿಲ್.

ಓದಲು ಹೋಗುವವರು. ಬ್ಲಾಕ್ಡ್ ಅಕೌಂಟ್‌ನ ದುಡ್ಡು ವರ್ಷಕ್ಕೆ ಸಾಕಾಗುತ್ತಾ?

ಬ್ಲಾಕ್ಡ್ ಅಕೌಂಟ್ ಎಂದರೆ ವೀಸಾಕ್ಕಾಗಿ ಮೊದಲೇ ದುಡ್ಡಿಟ್ಟು, ತಿಂಗಳಿಗಿಷ್ಟೇ ಎಂದು ತೆಗೆಯಬಹುದಾದ ಖಾತೆ. 2024ರ ಸೆಪ್ಟೆಂಬರ್‌ನಿಂದ ಅಲ್ಲಿಡಬೇಕಾದದ್ದು €11,904, ಅಂದರೆ ತಿಂಗಳಿಗೆ €992 ಕೈಗೆ ಬರುತ್ತದೆ. ಅದರಲ್ಲಿ ವಿದ್ಯಾರ್ಥಿಗಳ ಸರ್ಕಾರಿ ಆರೋಗ್ಯ ವಿಮೆಗೆ ಸುಮಾರು €140–150 ಮೊದಲೇ ಹೋಗುತ್ತದೆ. 30 ದಾಟಿದವರಿಗೆ ಆ ರಿಯಾಯಿತಿ ದರ ಸಿಗುವುದಿಲ್ಲ, ಎರಡನೇ ಮಾಸ್ಟರ್ಸ್‌ಗೆ ಹೋಗುವವರು ಗಮನಿಸಿ. ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ €700 ಬೀಳುತ್ತದೆ. ಪೂರ್ವದ ಊರುಗಳಲ್ಲಿ, ಉದಾಹರಣೆಗೆ ಕೆಮ್ನಿಟ್ಸ್‌ನಲ್ಲಿ, ಅದರ ಅರ್ಧಕ್ಕೂ ಕಡಿಮೆ. ಕಾಲೇಜಿನ ರ‍್ಯಾಂಕ್ ನೋಡುವಷ್ಟೇ ಶ್ರದ್ಧೆಯಿಂದ ಊರಿನ ಬಾಡಿಗೆ ನೋಡಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

"ಜರ್ಮನಿಯಲ್ಲಿ ಫೀಸ್ ಇಲ್ಲ" ಎಂಬ ಮಾತು ಎಲ್ಲ ಕಡೆ ನಿಜವಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಎ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ €1,500. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ €4,000ದಿಂದ €6,000 ತೆಗೆದುಕೊಳ್ಳುತ್ತಿದೆ. ಹೊರಡುವ ಮೊದಲೇ, ನಮ್ಮ ಅಂಕಪಟ್ಟಿ ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರಕ್ಕೆ ₹18,000, ವೀಸಾಗೆ €75.

ಇನ್ನೊಂದು ಸಿಕ್ಕು: ಬ್ಲಾಕ್ಡ್ ಅಕೌಂಟ್ ಇಳಿದ ದಿನವೇ ತೆರೆಯುವುದಿಲ್ಲ. ಅಲ್ಲಿನ ಬ್ಯಾಂಕ್ ಖಾತೆ ಬೇಕು, ಅದಕ್ಕೆ ಹೆಚ್ಚಿನ ಕಡೆ ವಿಳಾಸ ನೋಂದಣಿ ಬೇಕು, ನೋಂದಣಿಗೆ ಮಾಲೀಕರ ಸಹಿಯ ಪತ್ರ ಬೇಕು. ಈ ಸರಪಳಿ ಬಿಚ್ಚಲು ಮೂರರಿಂದ ಆರು ವಾರ. ಅಲ್ಲಿಯವರೆಗೆ €1,500 ಫಾರೆಕ್ಸ್ ಕಾರ್ಡಿನಲ್ಲಿ ಬೇರೆಯಾಗಿ ಇರಲಿ.

ಪಾರ್ಟ್ ಟೈಮ್ ನೆಚ್ಚಿಕೊಂಡು ಸಾಲದ ಕಂತಿನ ಲೆಕ್ಕ ಹಾಕಬೇಡಿ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು, 2026ರಲ್ಲಿ ಕನಿಷ್ಠ ಕೂಲಿ ಗಂಟೆಗೆ €13.90. ಜರ್ಮನ್ ಭಾಷೆ ಬಾರದವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಕೆಲಸ ಸಿಗುವುದು ಕಷ್ಟ. ₹40 ಲಕ್ಷ ಸಾಲ 11% ಬಡ್ಡಿಗೆ ತೆಗೆದಿದ್ದರೆ ಓದುವಾಗಲೇ ತಿಂಗಳಿಗೆ ₹36,000ಕ್ಕೂ ಮೇಲ್ಪಟ್ಟು ಬಡ್ಡಿ ಏರುತ್ತಿರುತ್ತದೆ. ಹತ್ತು ವರ್ಷದ ಕಂತಾದರೆ ತಿಂಗಳಿಗೆ ಸುಮಾರು ₹55,100.

ಅಪ್ಪ ದುಡ್ಡು ಕಳಿಸಿದಾಗ ಬ್ಯಾಂಕಿನವರು ತೆರಿಗೆ ಅಂತ ಹಿಡಿದುಕೊಂಡರು. ಅದು ಹೋಯ್ತಾ?

ಹೋಗಿಲ್ಲ, ಆದರೆ ಕೇಳಿ ಪಡೆಯಬೇಕು. ಅದು ಟಿಸಿಎಸ್, ಅಂದರೆ ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕ್ ಮೊದಲೇ ವಸೂಲು ಮಾಡಿ ನಿಮ್ಮ ಹೆಸರಿಗೆ ಕಟ್ಟುವ ಆದಾಯ ತೆರಿಗೆ. 2025ರ ಏಪ್ರಿಲ್ 1ರಿಂದ ಒಬ್ಬರ ಪ್ಯಾನ್‌ನಲ್ಲಿ ಹಣಕಾಸು ವರ್ಷಕ್ಕೆ ₹10 ಲಕ್ಷದವರೆಗೆ ಟಿಸಿಎಸ್ ಇಲ್ಲ. ಅದರ ಮೇಲೆ, ಸ್ವಂತ ದುಡ್ಡಿನಿಂದ ಓದಿಗೆ ಕಳಿಸಿದರೆ 2025–26ರಲ್ಲಿ 5% ಇತ್ತು, 2026ರ ಏಪ್ರಿಲ್ 1ರಿಂದ 2%. ಕುಟುಂಬ ನಿರ್ವಹಣೆಯಂಥ ಕಾರಣಕ್ಕೆ 20%. ಮಾನ್ಯ ಸಂಸ್ಥೆಯ ಶಿಕ್ಷಣ ಸಾಲದ ದುಡ್ಡಿಗೆ ಇಲ್ಲವೇ ಇಲ್ಲ.

₹18 ಲಕ್ಷ ಕಳಿಸಿದರೆ ಓದಿನ ಲೆಕ್ಕದಲ್ಲಿ 2%ರಂತೆ ₹16,000 (2025–26ರ 5%ರಲ್ಲಿ ₹40,000 ಆಗುತ್ತಿತ್ತು). ಅದೇ ಮೊತ್ತವನ್ನು ಕೌಂಟರಿನಲ್ಲಿ ಕುಟುಂಬ ನಿರ್ವಹಣೆ ಎಂದು ಬರೆದುಕೊಂಡರೆ ₹1,60,000. ಫಾರ್ಮಿನಲ್ಲಿ ಉದ್ದೇಶದ ಕೋಡ್ ಎಸ್0305 ಇದೆಯೇ ನೋಡಿ, ಅದು ಹಾಸ್ಟೆಲ್ ಖರ್ಚೂ ಸೇರಿದ ವಿದ್ಯಾಭ್ಯಾಸದ್ದು. ಅಪ್ಪ ಅಮ್ಮ ಇಬ್ಬರ ಖಾತೆಯಲ್ಲೂ ಅವರವರದೇ ದುಡ್ಡಿದ್ದರೆ ಇಬ್ಬರೂ ಬೇರೆ ಬೇರೆ ಕಳಿಸಬಹುದು, ₹10 ಲಕ್ಷದ ಮಿತಿ ತಲಾ ಒಂದೊಂದು.

ಮಂಡ್ಯ ಕಡೆ ಇದು ಹೆಚ್ಚು ಕಾಡುತ್ತದೆ. ಕಬ್ಬು, ಭತ್ತದ ಆದಾಯಕ್ಕೆ ತೆರಿಗೆ ಇಲ್ಲ ಎಂದು ಎಷ್ಟೋ ಅಪ್ಪಂದಿರು ರಿಟರ್ನ್ ಸಲ್ಲಿಸಿರುವುದೇ ಇಲ್ಲ. ಟಿಸಿಎಸ್ ವಾಪಸ್ ಬರಬೇಕಾದರೆ ಆ ವರ್ಷದ ರಿಟರ್ನ್ ಸಲ್ಲಿಸಲೇಬೇಕು. ಪ್ಯಾನ್‌ಗೆ ಜಮೆಯಾದ ತೆರಿಗೆ ತೋರಿಸುವ ಫಾರ್ಮ್ 26ಎಎಸ್‌ನಲ್ಲಿ ಮುರಿದ ಮೊತ್ತ ಕಾಣುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಬ್ಯಾಂಕ್ ಹೇಳಿದ ಚಾರ್ಜ್ ₹1,000. ಕಡಿತವಾಗಿದ್ದು ಅದಕ್ಕಿಂತ ಬಹಳ ಜಾಸ್ತಿ. ಯಾಕೆ?

ನಿಜವಾದ ಚಾರ್ಜ್ ವಿನಿಮಯ ದರದೊಳಗೆ ಅಡಗಿರುತ್ತದೆ. ಅಂದಿನ ಮಾರುಕಟ್ಟೆ ದರ ₹100 ಇದ್ದು ಬ್ಯಾಂಕ್ ₹102ಕ್ಕೆ ಯೂರೋ ಕೊಟ್ಟರೆ €11,904ಕ್ಕೆ ಸುಮಾರು ₹24,000 ಸದ್ದಿಲ್ಲದೆ ಹೋಯಿತು. ಕಳಿಸುವ ಮೊದಲು ಎರಡು ಮೂರು ಕಡೆ "ಎಲ್ಲ ಸೇರಿ ಎಷ್ಟು ರೂಪಾಯಿ" ಎಂದು ಮಾತ್ರ ಕೇಳಿ. ಇಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡನ್ನು ಅಲ್ಲಿ ಉಜ್ಜಿದರೆ ಹಲವು ಕಾರ್ಡುಗಳಲ್ಲಿ 3.5% ಮತ್ತು ಅದರ ಮೇಲೆ ಜಿಎಸ್‌ಟಿ, ಅಂದರೆ 4.13%. ಕಾರ್ಡ್ ಯಂತ್ರ "ರೂಪಾಯಿಯಲ್ಲಿ ಕಟ್ಟುತ್ತೀರಾ" ಎಂದು ಕೇಳಿದರೆ ಬೇಡ ಎನ್ನಿ, ಯೂರೋದಲ್ಲೇ ಕಟ್ಟಿ.

ಒಂದೇ ಏಟಿಗೆ ನೂರಾರು ಯೂರೋ ಹೋಗುವುದು ಯಾವುದರಿಂದ?

ಬಾಗಿಲು. ಅಲ್ಲಿನ ಮುಂಬಾಗಿಲಿಗೆ ಹೊರಗೆ ತಿರುಗುವ ಹಿಡಿಕೆ ಇರುವುದಿಲ್ಲ, ಎಳೆದರೆ ಬೀಗ ಬಿದ್ದಂತೆಯೇ. ಕಸ ಹಾಕಲು ಚಪ್ಪಲಿಯಲ್ಲಿ ಇಳಿದು, ಕೀ ಒಳಗೇ ಬಿಟ್ಟು, ಬಾಗಿಲು ಗಾಳಿಗೆ ಮುಚ್ಚಿಕೊಂಡರೆ ಮುಗಿಯಿತು. ಇಂಟರ್ನೆಟ್ಟಿನಲ್ಲಿ ಮೊದಲು ಕಾಣುವ "€29ರಿಂದ" ಎಂಬ ಜಾಹೀರಾತಿನವರು ಭಾನುವಾರ ರಾತ್ರಿ ಬಂದು €400, €500 ಕೇಳುವುದುಂಟು. ಒಂದು ಕೀ ನಂಬಿಕಸ್ತರ ಮನೆಯಲ್ಲಿಡಿ. ಕರೆಸಲೇಬೇಕಾದರೆ ಒಟ್ಟು ದರವನ್ನು ಫೋನಿನಲ್ಲೇ ಗಟ್ಟಿ ಮಾಡಿಕೊಳ್ಳಿ. ಬರೀ ಎಳೆದು ಮುಚ್ಚಿದ ಬಾಗಿಲಿಗೆ ಬೀಗ ಕೊರೆಯುವ ಅಗತ್ಯವಿಲ್ಲ ಎಂಬುದು ನೆನಪಿರಲಿ.

ಕೀ ಕಳೆದೇ ಹೋದರೆ ಇನ್ನೂ ಕಷ್ಟ. ಇಡೀ ಕಟ್ಟಡಕ್ಕೆ ಒಂದೇ ಬೀಗ ವ್ಯವಸ್ಥೆ ಇದ್ದರೆ ಎಲ್ಲ ಬೀಗ ಬದಲಿಸುವ ಖರ್ಚು ಸಾವಿರಗಳಲ್ಲಿ ಬೀಳಬಹುದು. ವರ್ಷಕ್ಕೆ ಸುಮಾರು €50–70ರ ವೈಯಕ್ತಿಕ ಹೊಣೆ ವಿಮೆ ಇದಕ್ಕೇ ಇರುವುದು. ಬಾಡಿಗೆ ಮನೆಯ ಕೀ ಅದರಲ್ಲಿ ಸೇರಿದೆಯೇ ಓದಿ ನೋಡಿ.

ಟೊರೆಂಟ್. ಹೊಸ ಸಿನಿಮಾ ಇಳಿಸಿಕೊಂಡರೆ ಹಕ್ಕುದಾರರ ವಕೀಲರ ಪತ್ರ ಅಂಚೆಯಲ್ಲಿ ಬರುತ್ತದೆ, ನೂರಾರು ಯೂರೋ, ಕೆಲವೊಮ್ಮೆ ಸಾವಿರದ ಹತ್ತಿರ. ಪತ್ರ ಬರುವುದು ಇಂಟರ್ನೆಟ್ ಯಾರ ಹೆಸರಿನಲ್ಲಿದೆಯೋ ಅವರಿಗೆ, ಇಳಿಸಿದ್ದು ರೂಮ್‌ಮೇಟ್ ಆಗಿದ್ದರೂ.

ಟಿಕೆಟ್ ಇಲ್ಲದ ಪ್ರಯಾಣಕ್ಕೆ ದಂಡ €60. ಇಡೀ ದೇಶದ ಊರೊಳಗಿನ ಬಸ್ಸು, ಟ್ರಾಮ್, ಸ್ಥಳೀಯ ರೈಲಿಗೆ ಆಗುವ ತಿಂಗಳ ಟಿಕೆಟ್ 2026ರಿಂದ €63. ಅದು ಚಂದಾ, ತಾನಾಗಿ ಮುಂದುವರಿಯುತ್ತದೆ, ನಿಲ್ಲಿಸಬೇಕಾದರೆ ಆ ತಿಂಗಳ 10ನೇ ತಾರೀಖಿನೊಳಗೆ ಹೇಳಬೇಕು. ಜಿಮ್, ಮೊಬೈಲ್, ಇಂಟರ್ನೆಟ್ಟಿನ ಎರಡು ವರ್ಷದ ಕರಾರುಗಳಿಗೂ ಹೀಗೆಯೇ ಸಿಕ್ಕಿಹಾಕಿಕೊಳ್ಳುತ್ತಾರೆ. ಮೊದಲ ವರ್ಷ ಪ್ರಿಪೇಯ್ಡ್ ಸಿಮ್ ಸಾಕು.

ಕನ್ನಡಕ, ಹಲ್ಲು?

ಎರಡನ್ನೂ ಹೊರಡುವ ಮುಂಚೆ ಇಲ್ಲೇ ಮುಗಿಸಿ. ದೊಡ್ಡವರ ಕನ್ನಡಕಕ್ಕೆ ಸರ್ಕಾರಿ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ, ಹಲ್ಲಿನ ಕ್ಯಾಪ್, ಇಂಪ್ಲಾಂಟ್‌ಗೆ ಸ್ವಲ್ಪ ಭಾಗ ಮಾತ್ರ. ದೇವರಾಜ ಅರಸು ರಸ್ತೆಯಲ್ಲಿ ಎರಡು ಜೊತೆ ಕನ್ನಡಕ ಮಾಡಿಸಿಕೊಂಡು ಹೋದರೆ ಅಲ್ಲಿನ ಒಂದು ಜೊತೆಯ ದುಡ್ಡೂ ಆಗುವುದಿಲ್ಲ.

ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತಾ?

ವಾಸ ಶುರುವಾಗಿ ಆರು ತಿಂಗಳು, ಅನುವಾದದ ಜೊತೆ. ಆಮೇಲೆ ಬರಹ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಬರೆದು ಹೊಸದು ಪಡೆಯಬೇಕು. ಕಡ್ಡಾಯ ತರಗತಿಗಳಿಂದ ವಿನಾಯಿತಿ ಇದ್ದರೂ ಬಲಬದಿಯ ಓಟಕ್ಕೆ ಕೈ ಕೂರಿಸಲು ಪಾಠ ಬೇಕೇ ಬೇಕು. ಒಟ್ಟು ಸಾವಿರ ಯೂರೋ ದಾಟುವುದು ಮಾಮೂಲು, ರಸ್ತೆ ಪರೀಕ್ಷೆಯಲ್ಲಿ ಒಮ್ಮೆ ಫೇಲಾದರೆ ಇನ್ನಷ್ಟು.

ಊರಿನ ಕಡೆ ಏನು ಖರ್ಚು ಬೀಳುತ್ತೆ?

ಇದನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ. ಕೆಲಸಕ್ಕೆಂದು ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳು ಇಲ್ಲಿನ ಆದಾಯ ಇಡುವ ಖಾತೆಯಾಗಿ ಮಾಡಿಸಬೇಕು. ಅದರ ಬಡ್ಡಿಯ ಮೇಲೆ 30% ಮತ್ತು ಸೆಸ್ ಮೂಲದಲ್ಲೇ ಕಡಿತ. ಅಲ್ಲಿನ ದುಡಿಮೆಯನ್ನು ಇಲ್ಲಿ ಇಡುವುದಾದರೆ ಎನ್‌ಆರ್‌ಇ ಖಾತೆಯಲ್ಲಿಡಿ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಕುವೆಂಪುನಗರದಲ್ಲಿ ನಿಮ್ಮ ಹೆಸರಿನ ಮನೆ ಬಾಡಿಗೆಗಿದ್ದರೆ, ಮಾಲೀಕರು ಅನಿವಾಸಿ ಆದ ಮೇಲೆ ಬಾಡಿಗೆದಾರರು ತೆರಿಗೆ ಮುರಿದು ಕಟ್ಟಬೇಕು, ದರ 31.2%. ರಿಟರ್ನ್ ಸಲ್ಲಿಸಿ ವಾಪಸ್ ಪಡೆಯುವವರೆಗೆ ಆ ದುಡ್ಡು ಕೈಗೆ ಸಿಗುವುದಿಲ್ಲ. ಅನಿವಾಸಿಯಾದ ಮೇಲೆ ಕೃಷಿ ಜಮೀನು ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. "ಅಲ್ಲಿ ದುಡಿಯುತ್ತಲೇ ಮದ್ದೂರಿನ ಹತ್ತಿರ ಎರಡು ಎಕರೆ ಗದ್ದೆ" ಎಂಬ ಯೋಜನೆ ಇರುವವರಿಗೆ ಇದು ಮುಖ್ಯ.

ಇನ್ನು ಮುಯ್ಯಿ. ವಿದೇಶದಲ್ಲಿರುವ ಮಗನಿಂದ ಗೃಹಪ್ರವೇಶಕ್ಕೆ, ಬೀಗರ ಔತಣಕ್ಕೆ, ಮಾರಮ್ಮನ ಹಬ್ಬದ ಚಂದಾಕ್ಕೆ ಊರು ನಿರೀಕ್ಷಿಸುವ ಮೊತ್ತ ಮೊದಲಿನದಲ್ಲ. ವರ್ಷಕ್ಕೆ ಇಷ್ಟು ಎಂದು ಮೊದಲೇ ತೆಗೆದಿಟ್ಟು, ಹಂಚುವ ಕೆಲಸ ಅಮ್ಮನಿಗೆ ಬಿಡಿ. ಯಾರಿಗೆ ಎಷ್ಟು ಎಂಬುದು ಅವರಿಗೆ ಗೊತ್ತಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ತುರ್ತು ಟಿಕೆಟ್. ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲ ಎಂದರೆ ನಾಳೆಯ ವಿಮಾನಕ್ಕೆ, ಹೋಗಿ ಬರಲು, ಡಿಸೆಂಬರ್‌ನಲ್ಲಿ €1,500 ಆಗಬಹುದು. ಈ ದುಡ್ಡನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟಬೇಡಿ. ವಾಸದ ಪರವಾನಗಿಯ ಅವಧಿ ಮುಗಿಯುತ್ತಾ ಬಂದಿದ್ದರೆ ನವೀಕರಣಕ್ಕೆ ಮೊದಲೇ ಅರ್ಜಿ ಹಾಕಿ. ಕೈಯಲ್ಲಿ ಕಾಗದ ಇಲ್ಲದೆ ಊರಿಗೆ ಬಂದರೆ ವಾಪಸ್ ಹೋಗುವುದು ತೊಡಕಾಗುತ್ತದೆ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು?

ಶೆಂಗೆನ್ ವೀಸಾ ತಲಾ €90, ಅರ್ಜಿ ಕೇಂದ್ರದ ಶುಲ್ಕ ಬೇರೆ. ನೀವು ಅಲ್ಲಿಂದ ಕೊಡುವ ಹೊಣೆಗಾರಿಕೆ ಪತ್ರಕ್ಕೆ €29. ಕನಿಷ್ಠ €30,000 ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಅದರಲ್ಲಿ ಮೊದಲೇ ಇದ್ದ ಕಾಯಿಲೆ, ಅಂದರೆ ಸಕ್ಕರೆ, ಬಿಪಿಗೆ ಹೆಚ್ಚಾಗಿ ರಕ್ಷಣೆ ಇರುವುದಿಲ್ಲ. ಮಾತ್ರೆಗಳನ್ನು ಇಡೀ ಪ್ರವಾಸಕ್ಕೂ ಎರಡು ವಾರ ಹೆಚ್ಚಿಗೂ, ವೈದ್ಯರ ಚೀಟಿಯ ಜೊತೆ, ಕೈಚೀಲದಲ್ಲೇ ಇಡಿಸಿ.

ಜರ್ಮನಿ ಅಲ್ಲ, ಬೇರೆ ದೇಶ. ಅಲ್ಲಿ ಯಾವುದು ತಪ್ಪಿಹೋಗುತ್ತೆ?

ಬ್ರಿಟನ್: ವೀಸಾ ಶುಲ್ಕದ ಮೇಲೆ ಆರೋಗ್ಯ ಸರ್ಚಾರ್ಜ್ ವರ್ಷಕ್ಕೆ £1,035, ವಿದ್ಯಾರ್ಥಿಗಳಿಗೆ £776. ವೀಸಾ ಎಷ್ಟು ವರ್ಷವೋ ಅಷ್ಟೂ ಮೊದಲೇ ಕಟ್ಟಬೇಕು, ಕುಟುಂಬದ ಪ್ರತಿಯೊಬ್ಬರಿಗೂ. ಬಾಡಿಗೆಯ ಮೇಲೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಆಡಳಿತಕ್ಕೆ ವಾಸವಿರುವವರು ಕಟ್ಟುವ ಮನೆ ತೆರಿಗೆ, ಬೇರೆ, ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ವಿನಾಯಿತಿ.

ಅಮೆರಿಕ: ಅಂಗಡಿಯಲ್ಲಿ ಬರೆದಿರುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಆರೋಗ್ಯ ವಿಮೆ ಇದ್ದರೂ ಡಿಡಕ್ಟಿಬಲ್ ಎಂಬ, ವರ್ಷಕ್ಕೆ ಮೊದಲು ನೀವೇ ಭರಿಸಬೇಕಾದ ಮೊತ್ತ ಮುಗಿಯುವವರೆಗೆ ಬಹುಪಾಲು ಖರ್ಚು ನಿಮ್ಮದೇ. ಕ್ರೆಡಿಟ್ ಇತಿಹಾಸ ಇಲ್ಲದ ಹೊಸಬರಿಗೆ ಮನೆಯ ಠೇವಣಿ ಜಾಸ್ತಿ ಕೇಳುತ್ತಾರೆ.

ದುಬೈ: ವರ್ಷದ ಬಾಡಿಗೆಯ 5% ವಸತಿ ಶುಲ್ಕವನ್ನು ತಿಂಗಳುಗಳಿಗೆ ಹಂಚಿ ಕರೆಂಟ್, ನೀರಿನ ಬಿಲ್ಲಿನಲ್ಲಿ ಸೇರಿಸುತ್ತಾರೆ. ಬಾಡಿಗೆ ಮುಂದಿನ ದಿನಾಂಕದ ಚೆಕ್‌ಗಳಲ್ಲಿ, ವರ್ಷಕ್ಕೆ ಕೆಲವೇ ಕಂತು. ಸೌದಿಯಲ್ಲಿ ಕುಟುಂಬ ಕರೆದುಕೊಂಡು ಹೋದರೆ ತಲೆಗೆ ತಿಂಗಳಿಗೆ 400 ರಿಯಾಲ್.

ವಾಪಸ್ ಬರುವಾಗಲೂ ಖರ್ಚಿದೆಯಾ?

ಇದೆ. ಮನೆ ಬಿಡಲು ಬಾಡಿಗೆದಾರರ ನೋಟಿಸ್ ಮೂರು ತಿಂಗಳು, ಸಹಿ ಮಾಡಿದ ಕಾಗದದಲ್ಲೇ ಕೊಡಬೇಕು, ಇಮೇಲ್ ನಡೆಯುವುದಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ತಲುಪದಿದ್ದರೆ ಇನ್ನೊಂದು ತಿಂಗಳ ಬಾಡಿಗೆ. ಕೀ ಒಪ್ಪಿಸುವ ದಿನ ಪ್ರತಿ ಕೋಣೆ, ಪ್ರತಿ ಮೀಟರ್ ಫೋಟೊ ತೆಗೆದು, ಹಸ್ತಾಂತರದ ಕಾಗದಕ್ಕೆ ಇಬ್ಬರೂ ಸಹಿ ಹಾಕಿ. ವಿಳಾಸ ನೋಂದಣಿ ರದ್ದು ಮಾಡಿಸಿದ ಪತ್ರ ಇಟ್ಟುಕೊಳ್ಳಿ, ಜಿಮ್, ಇಂಟರ್ನೆಟ್, ಟಿವಿ ಶುಲ್ಕದವರು ಅದನ್ನೇ ಕೇಳುತ್ತಾರೆ.

ಠೇವಣಿ ಅಂದೇ ಸಿಗುವುದಿಲ್ಲ. ಹೀಟಿಂಗ್ ಲೆಕ್ಕ ಬಾಕಿ ಇದ್ದರೆ ಒಂದು ಭಾಗವನ್ನು ಮಾಲೀಕರು ಇನ್ನೂ ಹಲವು ತಿಂಗಳು ಹಿಡಿದಿಟ್ಟುಕೊಳ್ಳಬಹುದು. ಆ ದುಡ್ಡು ಬಂದು ಬೀಳುವವರೆಗೆ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ, ಒಟಿಪಿ ಬರುವ ಆ ಸಿಮ್ಮನ್ನೂ ಎಸೆಯಬೇಡಿ.